ಒಂದೇ ಗಾಜಿನವರು

ನಮ್ಮೂರಲ್ಲಿ ಹೆಣ್ಣು ನೋಡಲು ಹೋದವರು ಜಾತಕ ಕೇಳುವ ಮೊದಲು "ಹುಡುಗಿಗೆ ಯಾವುದು?" ಎಂದು ಕೇಳುತ್ತಾರೆ. ಯಾವುದು ಅಂದರೆ, ಮ್ಯೂಸಿಯಮ್ಮಿನ ಯಾವ ಪ್ರಾಣಿ ಅಂತ. ಹೈಸ್ಕೂಲು ಮುಗಿಸಿದ ಮಕ್ಕಳ ತಲೆಗೆ ಎಣ್ಣೆ ಹಚ್ಚಿ, ಬಾಚಿ, ಮ್ಯೂಸಿಯಮ್ಮಿನ ಕೆಳಗಿನ ಹಾಲಿಗೆ ಕರೆದೊಯ್ದು, ಒಂದು ತುದಿಯಿಂದ ಗಾಜಿನ ಪೆಟ್ಟಿಗೆಗಳ ಮುಂದೆ ನಡೆಸುವುದು ನಮ್ಮಲ್ಲಿ ಪದ್ಧತಿ. ಹುಲಿ, ಕರಡಿ, ಕಾಟಿ, ನವಿಲು, ಮುಂಗುಸಿ, ಎಲ್ಲವೂ ಹೊಟ್ಟೆಗೆ ಹತ್ತಿ ತುಂಬಿಸಿಕೊಂಡು ಗೋಲಿಯಂಥ ಕಣ್ಣು ಬಿಟ್ಟು ನಿಂತಿರುತ್ತವೆ. ಯಾವುದೋ ಒಂದರ ಮುಂದೆ ಹುಡುಗನೋ ಹುಡುಗಿಯೋ ನಿಂತಾಗ ಗಾಜು ಒಳಗಡೆಯಿಂದ ಮಬ್ಬಾಗುತ್ತದೆ, ಚಳಿಗಾಲದ ಬಸ್ಸಿನ ಕಿಟಕಿಗೆ ಯಾರೋ ಮೂಗು ಒತ್ತಿ ಕೂತಂತೆ. ಅದೇ ಅವರದು. ಪ್ರಾಣಿಯ ಎದೆ ಏಳುವುದಿಲ್ಲ, ಬಾಲ ಅಲ್ಲಾಡುವುದಿಲ್ಲ. ಬರೀ ಮಬ್ಬು. ಆಮೇಲೆ ಬೇಕೆನಿಸಿದಾಗ ಹೋಗಿ ಅದರ ಮುಂದೆ ನಿಂತು ಬರುವುದು, ಅಷ್ಟೇ. ಇದರಿಂದ ಯಾರಿಗೂ ನೌಕರಿ ಸಿಕ್ಕಿದ್ದಿಲ್ಲ, ಯಾರ ಮಂಡಿನೋವೂ ವಾಸಿಯಾದದ್ದಿಲ್ಲ. ಆದರೂ ನಿಂತು ಬಂದವರ ಮುಖ ನೋಡಿದರೆ, ಎಲ್ಲೋ ಬೀಗರ ಮನೆಯಲ್ಲಿ ಗಡದ್ದಾಗಿ ಉಂಡು ಬಂದವರ ಹಾಗಿರುತ್ತದೆ.

ನನಗೆ ಲಾಡಿಹುಳು. ಹಾಲಿನ ಕಟ್ಟಕಡೆಗೆ, ಪಾಯಿಖಾನೆಯ ಗೋಡೆಗೆ ಒತ್ತಿಕೊಂಡ ಕಪಾಟಿನಲ್ಲಿ, ಸ್ಪಿರಿಟ್ ತುಂಬಿದ ಜಾಡಿಯೊಳಗೆ ಸುರುಳಿ ಸುತ್ತಿಕೊಂಡಿದೆ. ನಾನು ಮುಂದೆ ನಿಂತರೆ ಜಾಡಿಯ ಮುಚ್ಚಳದಡಿ ಒಂದಿಷ್ಟು ಬೆವರು ಕಟ್ಟುತ್ತದೆ. ನಮ್ಮಪ್ಪ ಅದನ್ನು ನಂಬದೆ ನನ್ನನ್ನು ಹುಲಿಯ ಮುಂದೆ ಮತ್ತೆ ಮತ್ತೆ ನಿಲ್ಲಿಸಿ, "ಸರಿಯಾಗಿ ನಿಲ್ಲೋ, ಎದೆ ಎತ್ತು" ಎಂದು ಗದರಿದ್ದ. ಎದೆ ಎತ್ತಿದ್ದಕ್ಕೆಲ್ಲ ಹುಲಿ ಮಣಿಯುವುದಿಲ್ಲ. ನನ್ನ ಮದುವೆಯ ಮಾತುಕತೆಯಲ್ಲಿ ಹೆಣ್ಣಿನ ಕಡೆಯವರು ಕೇಳಿದಾಗ ಅಪ್ಪ ಮೀಸೆ ನೇವರಿಸಿಕೊಂಡು "ಉದ್ದದ್ದು" ಎಂದಷ್ಟೇ ಹೇಳಿದ. ಅವರು ಹೆಬ್ಬಾವು ಅಂದುಕೊಂಡು ಸುಮ್ಮನಾದರು. ಮದುವೆಯಾದ ಮೇಲೆ ನಾನೇ ನಿಜ ಹೇಳಿದೆ. ನನ್ನ ಹೆಂಡತಿ ವಾರಿಜ ನಕ್ಕು ನಕ್ಕು ನೆಲಕ್ಕೆ ಕೂತಳು. "ಹೆಬ್ಬಾವು ಅಂತ ಎಷ್ಟು ಹೆದರಿದ್ದೆ ಕಣ್ರೀ. ಇದು ಪರವಾಗಿಲ್ಲ, ಬಡಪಾಯಿ" ಅಂದಳು. ಆ ನಗುವಿಗೆ ನಾನು ಬಿದ್ದುಹೋದೆ. ಅಲ್ಲಿಯವರೆಗೆ ನನಗೆ ಹೆಂಡತಿ ಅನ್ನುವುದು ಮನೆಗೆ ಬಂದ ಒಬ್ಬಳು ಹೆಂಗಸು, ಅಷ್ಟೇ ಆಗಿತ್ತು.

ವಾರಿಜಳಿಗೆ ಕಾಡುಪಾಪ. ಮುಷ್ಟಿಯಷ್ಟು ಮೈ, ಮೈಯಷ್ಟೇ ಕಣ್ಣು, ಒಂದು ಒಣ ಕೊಂಬೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಯಾರೋ ಬಯ್ದ ಮಗುವಿನ ಹಾಗೆ ಕೂತಿದೆ. ಒಳ್ಳೆಯ ಪ್ರಾಣಿ. ಆದರೆ ಅದು ಅವಳೊಬ್ಬಳದೇ ಅಲ್ಲ. ಬೇಕರಿ ರುದ್ರಮುನಿಯದೂ ಅದೇ. ಹೀಗೆ ಒಂದೇ ಪ್ರಾಣಿ ಬಂದವರನ್ನು ನಮ್ಮೂರಲ್ಲಿ ಒಂದೇ ಗಾಜಿನವರು ಅನ್ನುತ್ತಾರೆ. ಒಂದೇ ಗಾಜಿನ ಗಂಡು ಹೆಣ್ಣು ಅಣ್ಣತಂಗಿ, ಅಕ್ಕತಮ್ಮ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕಿಂತ ಒಂದು ತೂಕ ಹೆಚ್ಚೇ. ಕರಡಿಗೆ ಒಂದು ಓಣಿಯಷ್ಟು ಜನ ಇದ್ದಾರೆ, ಅವರೊಳಗೆ ಯಾರು ಯಾರಿಗೆ ಅಣ್ಣ ಅಂತ ಅವರಿಗೇ ನೆನಪಿರುವುದಿಲ್ಲ, ಯಾರಿಗೂ ಹೊಟ್ಟೆಯುರಿಯುವುದೂ ಇಲ್ಲ. ಕಾಡುಪಾಪಕ್ಕೆ ಮಾತ್ರ ಇಡೀ ಊರಿಗೆ ಇವರಿಬ್ಬರೇ.

ಮದುವೆಯ ದಿನ ರುದ್ರಮುನಿ ಗಾಜಿನಣ್ಣನ ಲೆಕ್ಕದಲ್ಲಿ ಧಾರೆಗೆ ಬಂದು ನಿಂತ. ನನಗಿಂತ ನಾಲ್ಕಾರು ವರ್ಷ ದೊಡ್ಡವನು. ಮೈದಾಹಿಟ್ಟಿನ ಬಣ್ಣದ ಮೈ, ಮೆತ್ತಗಿನ ಕೈ, ಮದುವೆಯಿಲ್ಲ, ಮನೆಯಲ್ಲಿ ತಾಯಿಯೂ ತೀರಿಕೊಂಡು ಒಬ್ಬನೇ. ನನ್ನನ್ನು ಮೊದಲ ದಿನದಿಂದಲೇ ಬಾಯ್ತುಂಬ ಭಾವ ಅಂದ. ನಾನೂ ಭಾವ ಅಂದೆ. ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಬರುವ ಮೊದಲೇ ಇವನ ಬಾಗಿನ ಬಂತು. ಬಳೆ, ಕುಪ್ಪಸದ ಬಟ್ಟೆ, ಅದರ ಮೇಲೆ ಒಂದು ದಿಲ್‌ಪಸಂದ್. ವಾರಿಜ ಆ ದಿಲ್‌ಪಸಂದನ್ನು ಕುಯ್ದು ಮೊದಲ ತುಂಡು ನನಗೇ ಕೊಟ್ಟಳು. ಚೆನ್ನಾಗಿತ್ತು. ಅದೇ ಕಷ್ಟ. ಅವನು ಮಾಡಿದ್ದು ಯಾವುದೂ ಕೆಟ್ಟದಾಗಿರುತ್ತಿರಲಿಲ್ಲ.

ಭಾನುವಾರ ಸಂಜೆ ಇಬ್ಬರೂ ಕಾಡುಪಾಪದ ಮುಂದೆ ನಿಲ್ಲಲು ಹೋಗುತ್ತಿದ್ದರು. ನಾನೂ ಜೊತೆಗೆ ಹೋಗುತ್ತಿದ್ದೆ, ಆದರೆ ಒಳಗಲ್ಲ. ಗಂಡ ನಿಂತಾಗ ಹೆಂಡತಿ, ಹೆಂಡತಿ ನಿಂತಾಗ ಗಂಡ ಕೆಳಗಿನ ಹಾಲಿನಲ್ಲಿ ಇರಬಾರದು. ಯಾಕೆ ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ, ಕೇಳಿದವನನ್ನೇ ವಿಚಿತ್ರವಾಗಿ ನೋಡುತ್ತಾರೆ. ಹಾಗಾಗಿ ಗಂಡಂದಿರು ಹೆಂಡಂದಿರೆಲ್ಲ ಮಹಡಿಯ ವಿಜ್ಞಾನದ ಹಾಲಿನಲ್ಲಿ ಕಾಯಬೇಕು. ಅಲ್ಲಿ ಚಾವಣಿಯಿಂದ ಇಳಿಬಿಟ್ಟ ಒಂದು ದೊಡ್ಡ ಲೋಲಕ ಇದೆ, ಚಂದ್ರನ ಮೇಲೆ ನಿಮ್ಮ ತೂಕವೆಷ್ಟು ಎಂದು ತೋರಿಸುವ ಯಂತ್ರ ಇದೆ, ಮುಖವನ್ನು ಕುಂಬಳಕಾಯಿ ಮಾಡುವ ಕನ್ನಡಿ ಇದೆ, ಕೈಯಲ್ಲಿ ತಿರುಗಿಸಿದರೆ ಬಲ್ಬು ಹತ್ತಿಸುವ ಡೈನಮೋ ಇದೆ. ಅಲ್ಲಿ ಎಲ್ಲವೂ ಎಲ್ಲರಿಗೂ ಒಂದೇ ರೀತಿ ಕೆಲಸ ಮಾಡುತ್ತದೆ. ಅದಕ್ಕೇ ಅದನ್ನು ನೋಡಲೆಂದು ಯಾರೂ ಹೋಗುವುದಿಲ್ಲ. ನನ್ನದು ಮೋಟಾರು ವೈಂಡಿಂಗ್ ಅಂಗಡಿ, ಹಾಗಾಗಿ ನಾನು ಡೈನಮೋ ಹತ್ತಿರವೇ ಕೂರುತ್ತಿದ್ದೆ. ಅದರ ಬ್ರಷ್ಷು ಸವೆದಿತ್ತು. ತಿರುಗಿಸಿದಾಗ ಬಲ್ಬು ಹತ್ತಿ ಹತ್ತಿ ಆರುತ್ತಿತ್ತು.

ನಿಂತು ಬಂದ ಮೇಲೆ ವಾರಿಜ ದಾರಿಯುದ್ದ ಮಾತಾಡುತ್ತಿರಲಿಲ್ಲ. ಬೇಜಾರಿನಿಂದಲ್ಲ, ತುಂಬಿಕೊಂಡು. ಸೊಪ್ಪು ಕೊಳ್ಳುವಾಗ ಚೌಕಾಶಿ ಮಾಡುತ್ತಿರಲಿಲ್ಲ. ಅವಳು ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವವಳು, ದಿನವಿಡೀ ಕೆಮ್ಮು ನೆಗಡಿಯವರ ಜೊತೆ ಮಾತಾಡಿ ಮನೆಗೆ ಬಂದ ಮೇಲೂ ಮಾತಾಡುತ್ತಲೇ ಇರುವವಳು. ಭಾನುವಾರ ಸಂಜೆ ಮಾತ್ರ ಹೀಗೆ. ಒಂದು ದಿನ ತಡೆಯಲಾರದೆ ಕೇಳಿದೆ.

"ಅಲ್ಲಿ ನಿಂತು ಏನು ಮಾತಾಡ್ತೀರಿ ಇಬ್ಬರೂ?"

"ಏನೂ ಮಾತಾಡಲ್ಲ."

"ಅಷ್ಟೊತ್ತು?"

"ಹೂಂ."

ಮಾತಾಡುತ್ತೇವೆ ಅಂದಿದ್ದರೆ ಏನು ಮಾತು ಅಂತ ಕೇಳಬಹುದಿತ್ತು, ಜಗಳ ಆಡಬಹುದಿತ್ತು. ಸುಮ್ಮನೆ ನಿಲ್ಲುವವರ ಮೇಲೆ ಯಾವ ಆಪಾದನೆ ಹೊರಿಸುವುದು? ನನ್ನ ಜೊತೆ ಸುಮ್ಮನೆ ಕೂತು ಅವಳಿಗೆ ಅಷ್ಟು ತುಂಬಿದ್ದನ್ನು ನಾನು ನೋಡಿರಲಿಲ್ಲ. ನನ್ನ ಜೊತೆ ಸುಮ್ಮನಿದ್ದರೆ ಅವಳಿಗೆ ನಿದ್ದೆ ಬರುತ್ತಿತ್ತು.

ಮಹಡಿಯಲ್ಲಿ ನನ್ನ ಜೊತೆ ಕಾಯುತ್ತಿದ್ದವರು ಚನ್ನವೀರಮ್ಮ. ವಯಸ್ಸಾದ ಹೆಂಗಸು, ಬಾಯಿ ಮಾತ್ರ ಹರೆಯದ್ದು. ಅವರ ಗಂಡನಿಗೂ ಹಿಟ್ಟಿನ ಗಿರಣಿಯ ಸಾವಕ್ಕನಿಗೂ ಕಾಟಿ. ಪ್ರತಿ ಭಾನುವಾರ ಚಂದ್ರನ ತೂಕದ ಯಂತ್ರದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಯಂತ್ರದ ಮುಳ್ಳು ಅವರ ತೂಕ ಹೇಳಿ ಹೇಳಿ ಸುಸ್ತಾಗಿ ಒಂದೇ ಕಡೆ ನಿಂತುಬಿಟ್ಟಿತ್ತು.

"ಯಾಕೋ ತಿಪ್ಪೇಶಿ, ಆ ಹ್ಯಾಂಡಲ್ ಕಿತ್ತು ಬರಂಗೆ ತಿರುಗಿಸ್ತೀಯ? ಕೆಳಗಿರೋನ ಕುತ್ತಿಗೆ ಅಂದ್ಕಂಡಿದೀಯೇನು?" ಅಂದರು.

"ನಿಮಗೆ ಏನೂ ಅನ್ಸಲ್ವಾ ಚನ್ನವೀರಮ್ಮ?"

"ಅನ್ಸುತ್ತಪ್ಪ. ಮದುವೆಯಾದ ಹೊಸದ್ರಲ್ಲಿ ಆ ಕಾಟಿ ಕೊಂಬು ಮುರಿದು ಒಲೆಗೆ ಹಾಕ್ಲಾ ಅನ್ಸಿತ್ತು. ಆಮೇಲೆ ಅರ್ಥ ಆಯ್ತು. ಅಣ್ಣ ತಂಗಿ ಅಂತ ಊರು ಹೇಳಿದೆಯಲ್ಲ, ಅದಕ್ಕಿಂತ ಭದ್ರವಾದ ಬೇಲಿ ಯಾವುದಿದೆ? ಸಾವಿ ನನ್ನ ಗಂಡನ್ನ ಏನು ಮಾಡ್ಕಂಡಾಳು? ಅಣ್ಣನ್ನ ಇಟ್ಕಂಡು ಯಾರು ಸಂಸಾರ ಮಾಡ್ತಾರೆ?" ಕೈ ಬಿಡುವು ಮಾಡಿಕೊಂಡು ಒಂದು ಕಾಳು ಬಾಯಿಗೆ ಹಾಕಿಕೊಂಡರು. "ಭಯ ಪಡಬೇಕಾದ್ದು ಅದಲ್ಲ. ದರ್ಜಿ ಹನುಮಂತಪ್ಪನ ಸೊಸೆ ಗೊತ್ತಲ್ಲ? ಮದುವೆಯಾದಾಗ ಅವಳಿಗೆ ನವಿಲು, ಗಂಡಂಗೆ ನರಿ. ವಿಷಮಜ್ವರ ಬಂದು ಎದ್ಮೇಲೆ ನವಿಲು ಮಬ್ಬಾಗ್ಲಿಲ್ಲ. ಹುಡುಕ್ತಾ ಹುಡುಕ್ತಾ ಬಂದ್ರೆ ನರಿ ಮಬ್ಬಾಯ್ತು! ಗಂಡಂದೇ ನರಿ. ಹಿರೀಕರು ಕೂತು ತಾಳಿ ತೆಗೆಸಿದ್ರು. ಈಗ ಅದೇ ಓಣಿಲಿ ಬೇರೆ ಮನೆ. ಹಬ್ಬಕ್ಕೆ ಬಾಗಿನ ಕೊಡ್ತಾನಂತೆ ಪುಣ್ಯಾತ್ಮ."

ನನಗೆ ಆ ಕಥೆ ಗೊತ್ತಿತ್ತು. ಊರಿಗೆಲ್ಲ ಗೊತ್ತಿತ್ತು. ಆದರೆ ಹೊಟ್ಟೆಕಿಚ್ಚು ಇರುವವನಿಗೆ ಬುದ್ಧಿಮಾತು ಅಂದರೆ ಜ್ವರ ಬಂದವನಿಗೆ ಹೋಳಿಗೆ ಕೊಟ್ಟ ಹಾಗೆ. ನನಗೆ ಅವರಿಬ್ಬರು ಏನೋ ಮಾಡುತ್ತಾರೆ ಅನ್ನುವ ಅನುಮಾನ ಯಾವತ್ತೂ ಇರಲಿಲ್ಲ. ಅವರು ಏನೂ ಮಾಡದೆಯೇ ಪಡೆಯುತ್ತಾರಲ್ಲ, ಅದು ನನಗೆ ಬೇಕಿತ್ತು. ಆ ಗಾಜಿನ ಮುಂದೆ ಅವಳ ಪಕ್ಕ ನಾನು ನಿಲ್ಲಬೇಕಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಕಾಡುಪಾಪಕ್ಕೆ ಹುಳ ಬಿತ್ತು. ಹೊಟ್ಟೆ ಕುಸಿಯಿತು, ಕಿವಿಯ ಕೂದಲು ಉದುರಿ ಪೆಟ್ಟಿಗೆಯ ತಳಕ್ಕೆ ಬಿತ್ತು. ಹೀಗಾದಾಗ ಮ್ಯೂಸಿಯಮ್ಮಿನವರು ಪಕ್ಕದೂರಿನಿಂದ ಪ್ರಾಣಿಗೆ ಹತ್ತಿ ತುಂಬುವವರನ್ನು ಕರೆಸುತ್ತಾರೆ. ಹಳೆಯ ಹತ್ತಿಯ ಜೊತೆಗೆ ಒಂದು ಹಿಡಿ ಹೊಸ ಹತ್ತಿ ಸೇರಬೇಕು, ಅದು ಆ ಪ್ರಾಣಿಯವರ ಗಂಡನದೋ ಹೆಂಡತಿಯದೋ ತಲೆದಿಂಬಿನದಾಗಿರಬೇಕು. ಮದುವೆಯಾಗದವರಿಗೆ ಹೆತ್ತವರ ದಿಂಬು. ಕಾಡುಪಾಪದ ಹೊಟ್ಟೆಯಲ್ಲಿ ಆಗಲೇ ಇದ್ದದ್ದು ನನ್ನ ಮಾವನ ದಿಂಬಿನ ಹತ್ತಿ, ರುದ್ರಮುನಿಯ ತಾಯಿಯ ದಿಂಬಿನ ಹತ್ತಿ. ಈ ಸಲ ಕೊಡಬೇಕಾದವನು ನಾನೊಬ್ಬನೇ. ನಾನು ಕೊಡದಿದ್ದರೆ ಕಾಡುಪಾಪ ಗೋದಾಮಿಗೆ. ಗೋದಾಮಿಗೆ ಹೋದದ್ದು ತಿರುಗಿ ಬಂದದ್ದಿಲ್ಲ.

"ರೀ, ಒಂದೇ ಒಂದು ಹಿಡಿ. ಕೊಡ್ತೀರಲ್ಲ?" ವಾರಿಜ ಸಾರಿಗೆ ಒಗ್ಗರಣೆ ಹಾಕುತ್ತ, ಏನೋ ಸಣ್ಣ ವಿಷಯವೆಂಬಂತೆ ಕೇಳಿದಳು. ಆದರೆ ಒಗ್ಗರಣೆ ಸೀದಿತ್ತು.

"ನೋಡೋಣ."

"ನೋಡೋದು ಏನಿದೆ? ದಿಂಬಿನ ಮೂಲೆ ಬಿಚ್ಚಿ ಕೊಡೋದು."

"ನೋಡೋಣ ಅಂದ್ನಲ್ಲ."

ನೋಡೋಣ ಅನ್ನುವ ಮಾತಿನಲ್ಲಿ ಎಷ್ಟು ಸುಖ ಇದೆ ಅಂತ ನನಗೆ ಆಗ ಗೊತ್ತಾಯಿತು. ಅವಳು ನನ್ನ ಮುಖವನ್ನೇ ನೋಡತೊಡಗಿದಳು. ಬೆಳಗ್ಗೆ ನೋಡಿದಳು, ಊಟಕ್ಕೆ ಬಡಿಸುವಾಗ ನೋಡಿದಳು. ನಾನು ಏಳುವ ಮೊದಲೇ ಕಾಫಿ ಬಂತು. ಮದುವೆಯಾದಂದಿನಿಂದ ನನ್ನ ಮುಖಕ್ಕೆ ಇಷ್ಟು ಬೆಲೆ ಬಂದಿರಲಿಲ್ಲ. ಆ ವಾರ ಪೂರ್ತಿ ನೋಡೋಣ ಅಂದುಕೊಂಡೇ ಕಳೆದೆ.

ಆಮೇಲೆ ರುದ್ರಮುನಿ ನನ್ನ ಅಂಗಡಿಗೆ ಬಂದ. ಕೈಯಲ್ಲಿ ಬೆಣ್ಣೆ ಬಿಸ್ಕತ್ತಿನ ಪೊಟ್ಟಣ. ನಾನು ಒಂದು ಪಂಪ್‌ಸೆಟ್ಟಿನ ಸುಟ್ಟ ತಂತಿ ಕೀಳುತ್ತಿದ್ದೆ, ತಲೆ ಎತ್ತಲಿಲ್ಲ. ಅವನು ಗಿರಾಕಿಗಳ ಸ್ಟೂಲಿನ ಮೇಲೆ ಕೂತ.

"ಭಾವ, ಕೇಳೋಕೆ ನಾಚಿಕೆ ಆಗುತ್ತೆ."

"ಹಾಗಾದ್ರೆ ಕೇಳಬೇಡಿ ಭಾವ."

ನಕ್ಕ. ಅವನಿಗೆ ಚುಚ್ಚಿದರೂ ತಾಗುತ್ತಿರಲಿಲ್ಲ, ಹಿಟ್ಟಿನ ಮುದ್ದೆಗೆ ಬೆರಳು ಹಾಕಿದಂತೆ, ತೆಗೆದರೆ ಮತ್ತೆ ಮೊದಲಿನ ಹಾಗೆ. "ನನಗಾಗಿ ಬೇಡ. ತಂಗ್ಯಮ್ಮಂಗಾಗಿ ಕೊಡಿ. ಅವಳು ನಿಮ್ಮ ಹತ್ರ ಹೇಳಲ್ಲ, ಆದ್ರೆ ಅದಿಲ್ದೆ ಇರೋದು ಅವಳಿಗೆ ಕಷ್ಟ."

ನನ್ನ ಹೆಂಡತಿಗೆ ಯಾವುದು ಕಷ್ಟ ಅಂತ ಈ ಬನ್ನಿನ ವ್ಯಾಪಾರಿ ನನಗೆ ಹೇಳುತ್ತಿದ್ದ. ನಾನು ಇಕ್ಕಳ ಕೆಳಗಿಟ್ಟೆ. "ಒಂದು ಕೇಳ್ತೀನಿ, ಸತ್ಯ ಹೇಳಿ. ಅಲ್ಲಿ ನಿಂತಾಗ ಏನಾಗುತ್ತೆ?"

ಅವನು ಯೋಚಿಸಿದ. ಸುಳ್ಳು ಹೇಳಲು ಬಾರದವರು ಯೋಚಿಸುವ ಹಾಗೆ, ಬಾಯಿ ಸ್ವಲ್ಪ ತೆರೆದುಕೊಂಡು. "ಏನೂ ಆಗಲ್ಲ ಭಾವ. ಅವಳು ಉಸಿರು ಬಿಡ್ತಾಳೆ, ನಾನು ಬಿಡ್ತೀನಿ, ಅದೂ ಬಿಡುತ್ತೆ. ಸ್ವಲ್ಪ ಹೊತ್ತಾದ್ಮೇಲೆ ಯಾರದು ಯಾವುದು ಅಂತ ಗೊತ್ತಾಗಲ್ಲ."

ಅವನು ಹೋದ ಮೇಲೆ ಆ ಬಿಸ್ಕತ್ತಿನ ಪೊಟ್ಟಣವನ್ನು ಅಂಗಡಿಯ ಮುಂದಿನ ನಾಯಿಗೆ ಹಾಕಿದೆ. ನಾಯಿ ಕೂಡ ಅವನು ಹೋದ ದಿಕ್ಕಿಗೇ ಬಾಲ ಆಡಿಸಿಕೊಂಡು ಹೋಯಿತು. ಅಲ್ಲೇ, ಸುಟ್ಟ ವಾರ್ನಿಷ್ಷಿನ ವಾಸನೆಯಲ್ಲಿ ಕೂತು ನಾನು ತೀರ್ಮಾನ ಮಾಡಿದೆ. ಹತ್ತಿ ಕೊಡುತ್ತೇನೆ. ಆದರೆ ಒಂದು ಹಿಡಿಯಲ್ಲ. ಅದರ ಹೊಟ್ಟೆಯಲ್ಲಿರುವುದನ್ನೆಲ್ಲ ತೆಗೆಸಿ, ಕಿವಿಯಿಂದ ಕಾಲ್ಬೆರಳವರೆಗೂ ನನ್ನ ದಿಂಬನ್ನೇ ತುಂಬಿಸುತ್ತೇನೆ. ನಾನು ನಿಲ್ಲಲಾಗದ ಕಡೆ ನನ್ನ ತಲೆಯ ಬೆವರಾದರೂ ಕೂತಿರಲಿ. ಅವರಿಬ್ಬರು ಉಸಿರು ಬಿಟ್ಟುಕೊಂಡು ನಿಂತಿರಲಿ, ನೋಡುವುದು ಮಾತ್ರ ನನ್ನನ್ನೇ.

"ಇಡೀ ದಿಂಬಾ?" ವಾರಿಜ ಕಣ್ಣರಳಿಸಿದಳು. "ಪೂರ್ತಿ ಯಾರೂ ಕೊಡಲ್ಲ ಕಣ್ರೀ. ನೀವು ಏನು ಹಾಕ್ಕೊಂಡು ಮಲಗ್ತೀರಿ?"

"ಮಡಚಿದ ಪಂಚೆ ಸಾಕು."

ಅವಳು ನನ್ನ ಹತ್ತಿರ ಬಂದು, ಅಂಗಡಿಯ ಗ್ರೀಸು ಮೆತ್ತಿದ ನನ್ನ ಕೈಯನ್ನು ಹಾಗೇ ಹಿಡಿದುಕೊಂಡಳು. "ನಿಮ್ಮನ್ನ ಏನೋ ಅಂದ್ಕೊಂಡಿದ್ದೆ" ಅಂದಳು. ಏನು ಅಂದುಕೊಂಡಿದ್ದಳು ಅಂತ ನಾನು ಕೇಳಲಿಲ್ಲ. ಗೊತ್ತಿತ್ತು, ಮತ್ತು ಅವಳು ಅಂದುಕೊಂಡದ್ದು ಸರಿಯಾಗಿಯೇ ಇತ್ತು.

ಹತ್ತಿ ತುಂಬಲು ಬಂದವರು ದಾದಾಪೀರ್ ಎಂಬವರು. ಹೊರಗಿನವರಾದ್ದರಿಂದ ಅವರಿಗೆ ನಮ್ಮೂರಿನ ಗಾಜಿನ ಸಂಗತಿಯೆಲ್ಲ ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳುವ ಆಸೆಯೂ ಇರಲಿಲ್ಲ. ಮ್ಯೂಸಿಯಮ್ಮಿಗೆ ಆ ದಿನ ರಜೆ. ಹತ್ತಿ ಕೊಟ್ಟವರೇ ಪ್ರಾಣಿಯನ್ನು ಮತ್ತೆ ಪೆಟ್ಟಿಗೆಯೊಳಗಿಟ್ಟು ಗಾಜು ಮುಚ್ಚಬೇಕೆಂಬ ಪದ್ಧತಿಯಿದ್ದದ್ದರಿಂದ ನನ್ನೊಬ್ಬನನ್ನು ಒಳಗೆ ಬಿಟ್ಟಿದ್ದರು. ಕಾಡುಪಾಪವನ್ನು ಮೇಜಿನ ಮೇಲೆ ಮಲಗಿಸಿ ದಾದಾಪೀರ್ ಹೊಟ್ಟೆಯ ಹೊಲಿಗೆ ಬಿಚ್ಚಿದರು. ಒಳಗಿನ ಹತ್ತಿ ಬೂದುಬಣ್ಣಕ್ಕೆ ತಿರುಗಿ ಉಂಡೆಗಟ್ಟಿತ್ತು.

"ಹಳೇದು ಇರ್ಲಿ ಬಿಡಿ, ಗಟ್ಟಿ ಇದೆ. ಮೇಲೊಂದು ಹಿಡಿ ತುಂಬಿದ್ರೆ ಸಾಕು" ಅಂದರು.

"ಎಲ್ಲ ತೆಗೀರಿ."

"ಎಲ್ಲಾನಾ?"

"ಹುಳ ಇರೋದು ಅದ್ರಲ್ಲೇ ಅಲ್ವಾ?"

ಅವರು ಭುಜ ಹಾರಿಸಿ ಎಲ್ಲವನ್ನೂ ಕಿತ್ತರು. ನನ್ನ ಮಾವನ ದಿಂಬು, ರುದ್ರಮುನಿಯ ತಾಯಿಯ ದಿಂಬು, ಅದಕ್ಕೂ ಹಿಂದಿನ ಯಾರ್ಯಾರದೋ, ಎಲ್ಲ ಒಂದು ಚೀಲಕ್ಕೆ ಹೋದವು. ಖಾಲಿಯಾದ ಕಾಡುಪಾಪ ಒದ್ದೆ ಕಾಲುಚೀಲದಂತೆ ಬಿದ್ದಿತ್ತು. ನಾನೇ ನನ್ನ ದಿಂಬು ಹರಿದು ಹತ್ತಿ ಹಿಂಜಿ ಹಿಂಜಿ ಕೊಟ್ಟೆ. ಅದು ಮೆಲ್ಲನೆ ಉಬ್ಬಿ ಕೂತಿತು. ಹೊಲಿದಾದ ಮೇಲೆ ಎತ್ತಿ ಕೊಂಬೆಯ ಮೇಲೆ ಕೂರಿಸಿದೆ, ಕೈ ಎರಡನ್ನೂ ಕೊಂಬೆಗೆ ಹಿಡಿಸಿದೆ, ಗಾಜು ಸರಿಸಿ ಮುಚ್ಚಿದೆ.

ಗಾಜು ಮಬ್ಬಾಯಿತು.

ಮೊದಲು ಅದರ ಮೂಗಿನ ಎದುರು ಒಂದು ಸಣ್ಣ ಬೊಟ್ಟು. ಆಮೇಲೆ ಅಂಗೈಯಗಲ. ಆಮೇಲೆ ಅದರ ಮುಖವೇ ಕಾಣದಷ್ಟು. ನಾನು ಅಂಗಿಯ ತುದಿಯಿಂದ ಗಾಜು ಉಜ್ಜಿದೆ. ಹೊರಗೆ ಉಜ್ಜಿದರೆ ಒಳಗಿನದು ಹೋಗುತ್ತದೆಯೇ? ಲಾಡಿಹುಳುವಿನ ಮುಂದೆ ನಿಂತು ನಿಂತು ನನಗೆ ಇದು ಇಷ್ಟೇ ಅಂತ ಅನಿಸಿತ್ತು, ಜಾಡಿಯ ಮುಚ್ಚಳಕ್ಕೆ ಬೆವರು, ಮನಸ್ಸಿಗೆ ಒಂದು ತೇಗು. ಇದು ಹಾಗಲ್ಲ. ಜನ ಕಿಕ್ಕಿರಿದ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ನನ್ನ ಹೆಸರು ಹಿಡಿದು ಕೂಗಿದ ಹಾಗಾಯಿತು. ಮೈಯ ಬಿಗಿಯೆಲ್ಲ ಬಿಟ್ಟಿತು. ಇಷ್ಟು ದಿನ ಅವಳಿಗೆ ಸಿಗುತ್ತಿದ್ದದ್ದು ಇದೇ ಅಂತ ಗೊತ್ತಾಗಿ, ಅಷ್ಟೂ ದಿನದ್ದಕ್ಕೆ ಒಟ್ಟಿಗೇ ಹೊಟ್ಟೆ ಉರಿಯಿತು.

"ಏನ್ರೀ ಇದು, ಒಳಗೆ ತೇವ?" ದಾದಾಪೀರ್ ಬಗ್ಗಿ ನೋಡಿದರು. "ಹತ್ತಿ ಬಿಸಿಲಿಗೆ ಹಾಕಿರ್ಲಿಲ್ವಾ?"

"ನನಗೆ ತಲೆ ಬೆವರೋದು ಜಾಸ್ತಿ" ಅಂದೆ.

"ಹಂಗೇ ಕೊಟ್ರೆ ಮತ್ತೆ ಹುಳ ಬೀಳುತ್ತೆ ನೋಡಿ" ಅಂದು ಸೂಜಿ ಕತ್ತರಿ ಎತ್ತಿಟ್ಟುಕೊಂಡರು.

ಹೊರಡುವ ಮೊದಲು ಹಾಲಿನ ಕೊನೆಯ ಕಪಾಟಿಗೆ ಹೋಗಿ ನನ್ನ ಜಾಡಿಯ ಮುಂದೆ ನಿಂತೆ. ಬಹಳ ಹೊತ್ತು ನಿಂತೆ. ಮುಚ್ಚಳದಡಿ ಒಂದು ಹನಿಯೂ ಕಟ್ಟಲಿಲ್ಲ. ಲಾಡಿಹುಳು ಸತ್ತ ಹುಳುವಿನಂತೆ ಇತ್ತು. ಆಗ ನನಗೆ ಲೆಕ್ಕ ಹತ್ತಿತು. ನನಗೀಗ ಕಾಡುಪಾಪ. ನನ್ನ ಹೆಂಡತಿಗೂ ಕಾಡುಪಾಪ. ಇದು ಒಬ್ಬರ ಕಿವಿಗೆ ಬಿದ್ದರೆ ಸಾಕು, ಹಿರಿಯರು ಕೂತು ತಾಳಿ ತೆಗೆಸುತ್ತಾರೆ. ಗೌರಿ ಹಬ್ಬಕ್ಕೆ ನಾನು ಅವಳಿಗೆ ಬಳೆ, ಕುಪ್ಪಸ ಹಿಡಿದುಕೊಂಡು ಹೋಗಿ ಬಾಗಿಲಲ್ಲಿ ನಿಲ್ಲಬೇಕು. ಯಾರಿಗೂ ಹೇಳುವುದಿಲ್ಲ ಎಂದು ಅಲ್ಲೇ ನಿರ್ಧರಿಸಿದೆ. ಆ ಗಾಜಿನ ಹತ್ತಿರ ಇನ್ನು ಸುಳಿಯಬಾರದು. ಗಂಡಂದಿರು ಕೆಳಗಿರಬಾರದೆಂಬ ಕಟ್ಟಳೆ ಹೇಗೂ ಇದೆ. ಅದನ್ನು ಮಾಡಿದವನಿಗೆ ಮೊದಲ ಸಲ ಮನಸ್ಸಿನಲ್ಲೇ ಕೈಮುಗಿದೆ.

ಭಾನುವಾರ ಬಂತು. ವಾರಿಜ ಹೊಸ ಸೀರೆ ಉಟ್ಟಳು. ರುದ್ರಮುನಿ ಗಡ್ಡ ಹೆರೆದುಕೊಂಡು ಬಂದು, ನನ್ನ ಕೈಯನ್ನು ತನ್ನೆರಡು ಕೈಯಲ್ಲಿ ಹಿಡಿದು, "ಭಾವ, ಈ ಋಣ ತೀರ್ಸೋಕಾಗಲ್ಲ" ಅಂದ. ಮ್ಯೂಸಿಯಮ್ಮಿನಲ್ಲಿ ಅವರು ಕೆಳಗಿನ ಹಾಲಿಗೆ ಹೋದರು, ನಾನು ಮಹಡಿ ಹತ್ತಿದೆ. ಚನ್ನವೀರಮ್ಮ ತಮ್ಮ ಜಾಗದಲ್ಲೇ ಕೂತಿದ್ದರು.

"ಇಡೀ ದಿಂಬು ಕೊಟ್ಯಂತಲ್ಲೋ. ಊರೆಲ್ಲ ಅದೇ ಮಾತು. ನನ್ನ ಗಂಡನ ಕಾಟಿಗೆ ನಾನು ಒಂದು ಹಿಡಿ ಕೊಡೋವಾಗ ಅರ್ಧ ಹಿಡಿ ವಾಪಸ್ ತಂದಿದ್ದೆ."

ನನ್ನ ಕಿವಿಯೆಲ್ಲ ಕೆಳಗಿತ್ತು. ಸ್ವಲ್ಪ ಹೊತ್ತಿಗೇ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಬಂದವನು ರುದ್ರಮುನಿ, ಒಬ್ಬನೇ. ಮುಖ ಬಿಳಿಚಿತ್ತು. ಕನ್ನಡಿಯ ಪಕ್ಕ ನಿಂತಿದ್ದರಿಂದ ಅದರಲ್ಲಿ ಅವನ ಇನ್ನೊಂದು ಮುಖ ಉಬ್ಬಿಕೊಂಡು ನಗುತ್ತಿರುವ ಹಾಗೆ ಕಂಡಿತು.

"ನನಗೆ ಬರ್ಲಿಲ್ಲ ಭಾವ."

"ಏನು ಬರ್ಲಿಲ್ಲ?"

"ಮಬ್ಬು. ನಾನು ಒಬ್ಬನೇ ನಿಂತೆ, ಬರ್ಲಿಲ್ಲ. ಅವಳು ನಿಂತ್ಲು, ಬಂತು. ನಾನು ಹತ್ರ ಹೋದೆ, ಹೆಚ್ಚಾಗ್ಲಿಲ್ಲ. ದೂರ ಹೋದೆ, ಕಡಿಮೆ ಆಗ್ಲಿಲ್ಲ. ನಾನು ಇದ್ರೂ ಒಂದೇ ಇಲ್ದಿದ್ರೂ ಒಂದೇ."

ಆ ಗಳಿಗೆ ನನಗಾದ ಸಂತೋಷವನ್ನು ಮುಚ್ಚಿಟ್ಟು ಏನು ಪ್ರಯೋಜನ? ಮದುವೆಯ ದಿನವೂ ಅಷ್ಟು ಆಗಿರಲಿಲ್ಲ. ತಾಯಿಯ ಬೂದು ಹತ್ತಿಯ ಜೊತೆ ಇವನೂ ಚೀಲಕ್ಕೆ ಹೋಗಿದ್ದ. ಮುಖದ ಮೇಲೆ ಬರುತ್ತಿದ್ದ ನಗುವನ್ನು ತಡೆಯಲು ನಾನು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡೆ.

ಚನ್ನವೀರಮ್ಮ ಅವರೆಕಾಯಿ ಕೆಳಗಿಟ್ಟು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಅಯ್ಯೋ ಪಾಪ. ಹಂಗಾದ್ರೆ ಇನ್ನು ಮೇಲೆ ನೀನು ಅವಳಿಗೆ ಅಣ್ಣ ಅಲ್ಲ ಬಿಡಪ್ಪ. ಬರೀ ಗಂಡಸು."

ಚಪ್ಪಲಿಯ ಪಟ್ಟಿ ನನ್ನ ಕೈಯಲ್ಲೇ ಉಳಿಯಿತು.

ಬರೀ ಗಂಡಸು. ಮದುವೆಯಾಗದ ಗಂಡಸು. ಒಳ್ಳೆಯ ಗಂಡಸು. ಗಡ್ಡ ಹೆರೆದುಕೊಂಡ, ಮೆತ್ತಗಿನ ಕೈಯ, ನನ್ನ ಹೆಂಡತಿಯ ಪಕ್ಕ ಮಾತಿಲ್ಲದೆ ನಿಂತು ಅಭ್ಯಾಸವಿರುವ ಗಂಡಸು. ಬೇಲಿ ಕಿತ್ತವನು ನಾನೇ, ಕಿತ್ತ ಬೇಲಿಯನ್ನು ತಂದು ನನ್ನ ಸುತ್ತಲೇ ನೆಟ್ಟುಕೊಂಡಿದ್ದೆ.

"ಯಾರು ಹೇಳಿದ್ದು?" ನಾನು ಎದ್ದು ನಿಂತೆ. ದನಿ ನನಗೇ ಗುರುತು ಸಿಗಲಿಲ್ಲ. "ಅಣ್ಣ ಅಂದ್ಮೇಲೆ ಅಣ್ಣನೇ. ಒಂದು ದಿನ ಮಬ್ಬು ಬರ್ಲಿಲ್ಲ ಅಂದ್ರೆ ಸಂಬಂಧ ಹೋಗುತ್ತಾ? ಹತ್ತಿ ಹೊಸದು, ಹೊಂದ್ಕೊಳ್ಳೋಕೆ ಟೈಮ್ ಬೇಕು. ನೀವು ಮುಂದಿನ ವಾರವೂ ಬನ್ನಿ ಭಾವ. ಹಬ್ಬಕ್ಕೆ ಬಾಗಿನ ನಿಮ್ಮದೇ ಮೊದಲು ಬರಬೇಕು. ತಂಗಿ ಅಂತ ಕರೀರಿ ಅವಳನ್ನ. ಕರೀತೀರಲ್ಲ?"

ಚನ್ನವೀರಮ್ಮ ನನ್ನನ್ನು ಬೆರಗಿನಿಂದ ನೋಡುತ್ತಿದ್ದರು. ಇಷ್ಟು ದೊಡ್ಡ ಮನಸ್ಸಿನವನು ಇವನು ಅಂತ ಅವರಿಗೆ ಗೊತ್ತಿರಲಿಲ್ಲ.

ರುದ್ರಮುನಿಯ ಕಣ್ಣಲ್ಲಿ ನೀರು ಬಂತು. "ನೀವು ದೇವರಂಥೋರು. ಆದ್ರೆ ಇಲ್ಲದ್ದನ್ನ ಇದೆ ಅಂದ್ರೆ ಸುಳ್ಳಾಗುತ್ತೆ. ಅವಳಿಗೆ ಸುಳ್ಳು ತಂಗಿ ಅನ್ನೋಕೆ ನನ್ನ ನಾಲಿಗೆ ಏಳಲ್ಲ."

ಅಷ್ಟರಲ್ಲಿ ವಾರಿಜ ಮೆಟ್ಟಿಲು ಹತ್ತಿ ಬಂದಳು. ಕೆನ್ನೆ ಕೆಂಪಾಗಿತ್ತು. ಅವನ ಕಡೆ ಒಮ್ಮೆ ನೋಡಿದಳು, ನನ್ನ ಹತ್ತಿರ ಬಂದು ತೋಳು ಹಿಡಿದಳು. "ರೀ, ಯಾವತ್ತೂ ಇಷ್ಟು ಬಂದಿರ್ಲಿಲ್ಲ. ನೀವೇ ಪಕ್ಕ ನಿಂತ ಹಾಗಿತ್ತು. ನಿಮ್ಮ ತಲೆಯ ಎಣ್ಣೆ ವಾಸನೆ ಕೂಡ ಬಂತು." ನಾನು ಕೇಳಬೇಕೆಂದು ಹಪಹಪಿಸಿದ್ದ ಮಾತು ಅದು, ಅಕ್ಷರಕ್ಕೆ ಅಕ್ಷರ. ಅವಳು ಇನ್ನಷ್ಟು ಹತ್ತಿರ ಬಂದು ದನಿ ತಗ್ಗಿಸಿದಳು. "ಬನ್ನಿ ಕೆಳಗೆ. ಹಾಲಲ್ಲಿ ಈಗ ಯಾರೂ ಇಲ್ಲ. ಒಂದೇ ಸಲ ನನ್ನ ಜೊತೆ ನಿಂತು ನೋಡಿ."

"ಬೇಡ."

"ಯಾರಿಗೂ ಗೊತ್ತಾಗಲ್ಲ ರೀ."

"ಬೇಡ ಅಂದ್ನಲ್ಲ. ಪದ್ಧತಿ ಇದೆ."

"ಯಾವಾಗಿಂದ ನಿಮಗೆ ಪದ್ಧತಿ? ನಾನು ಒಳಗೆ ಹೋಗೋವಾಗೆಲ್ಲ ಮೆಟ್ಟಿಲ ಮೇಲಿಂದ ಬಗ್ಗಿ ನೋಡ್ತಿದ್ದೋರು ನೀವೇ ಅಲ್ವಾ?"

ಅವಳಿಗೆ ಅದು ಗೊತ್ತಿತ್ತು ಅಂತ ನನಗೆ ಗೊತ್ತಿರಲಿಲ್ಲ. ನಾನು ತಲೆಯಾಡಿಸಿದೆ, ಬರುವುದಿಲ್ಲ ಅಂತ. ಅವಳು ನನ್ನ ಮುಖ ನೋಡಿದಳು. ಹತ್ತಿ ಕೇಳಿದ ವಾರ ನೋಡಿದ ಹಾಗಲ್ಲ, ಬೇರೆ ಥರ, ಮೆಡಿಕಲ್ ಶಾಪಿನಲ್ಲಿ ಅವಧಿ ಮುಗಿದ ಔಷಧಿಯ ಸೀಸೆ ತಿರುಗಿಸಿ ನೋಡುವ ಹಾಗೆ. ತೋಳು ಬಿಟ್ಟಳು.

ಮ್ಯೂಸಿಯಮ್ಮಿನ ಗೇಟಿನವರೆಗೆ ಮೂವರೂ ಒಟ್ಟಿಗೆ ಬಂದೆವು. ಅಲ್ಲಿ ರುದ್ರಮುನಿ ನಿಂತ. ಯಾವಾಗಲೂ ಹೇಳುವ ತಂಗ್ಯಮ್ಮ ಅನ್ನುವ ಮಾತು ಬಾಯಿಗೆ ಬಂದು ಅಲ್ಲೇ ನಿಂತಿತು. "ಬರ್ತೀನಿ" ಅಂದ, ಅಷ್ಟೇ, ಯಾರಿಗೆ ಅಂತ ಹೇಳದೆ. ನಡೆದ. ಬೀದಿಯ ಕೊನೆಯಲ್ಲಿ ಬಿಸಿಲು ಇನ್ನೂ ಇತ್ತು, ಅವನು ಅದರೊಳಗೆ ನಿಧಾನಕ್ಕೆ ಹೋಗುತ್ತಿದ್ದ. ನಾನು "ಹೋಗೋಣ್ವಾ?" ಅಂದೆ. ತಿರುಗಿ ನೋಡಿದೆ. ಅಣ್ಣಂದಿರು ಹೋಗುವಾಗ ಯಾರೂ ಅವರ ಬೆನ್ನು ನೋಡುತ್ತ ನಿಲ್ಲುವುದಿಲ್ಲ. ವಾರಿಜ ನಿಂತಿದ್ದಳು.